ಚಿತ್ರದ ಕೆಳಗಿನ ಎರಡು ಹೆಸರು

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಮೊನ್ನೆ ದೊಡ್ಡಪ್ಪ ಒಂದು ಚಿತ್ರ ಹಾಕಿದರು. ಗೋಪುರದ ಹಾಗೆ ಮೇಲಕ್ಕೆ ಹೋದಂತೆ ಸಣ್ಣಗಾಗುವ ಒಂದು ಯಂತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಭರದ್ವಾಜ ಮಹರ್ಷಿಗಳ ರುಕ್ಮ ವಿಮಾನ, ಸಾವಿರಾರು ವರ್ಷ ಹಳೆಯ ಹಸ್ತಪ್ರತಿಯಿಂದ" ಅಂತ ಇತ್ತು. ಕೈಮುಗಿಯುವ ಇಮೋಜಿಗಳು ಒಂದರ ಹಿಂದೆ ಒಂದು ಬಂದವು.

ಆ ಚಿತ್ರ ನನಗೆ ಹೊಸದಲ್ಲ. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಪ್ರಕಟಿಸಿದ 'ವೈಮಾನಿಕ ಶಾಸ್ತ್ರ' ಅನ್ನುವ, ವಿಮಾನಗಳ ಬಗ್ಗೆ ಇರುವ ಸಂಸ್ಕೃತ ಪುಸ್ತಕದಲ್ಲಿ ಅದಿದೆ. ಅಲ್ಲಿ ಚಿತ್ರದ ಜೊತೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಹೆಸರು ಬರೆದಿದೆ. ಚಿತ್ರ ಬರೆದವರು ಟಿ. ಕೆ. ಎಲ್ಲಪ್ಪ, ಬೆಂಗಳೂರು, 2-12-1923. ಹೇಳಿ ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿ. ದೊಡ್ಡಪ್ಪನ ಕೈಗೆ ಬರುವಷ್ಟರಲ್ಲಿ ಆ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು.

ನನಗೆ ಸಂಕಟವಾಗಿದ್ದು ಅಲ್ಲೇ. ಈ ಪುಸ್ತಕ ಬರೆದವರು ಯಾರು ಅಂತ ಐವತ್ತು ವರ್ಷದಿಂದ ಜಗಳ ನಡೆಯುತ್ತಿದೆ. ಒಬ್ಬರು ಋಷಿ ಅಂತಾರೆ, ಇನ್ನೊಬ್ಬರು ಖೋಟಾ ಅಂತಾರೆ. ನಡುವೆ ಒಬ್ಬ ನಿಜವಾದ ಮನುಷ್ಯ ಇದ್ದಾರೆ, ನಮ್ಮ ಊರಿನ ಕಡೆಯವರೇ. ಅವರ ಹೆಸರನ್ನು ಎರಡೂ ಕಡೆಯವರು ಅಳಿಸುತ್ತಾ ಬಂದಿದ್ದೇವೆ.

ಸುಬ್ಬರಾಯ ಶಾಸ್ತ್ರಿಗಳು ಹುಟ್ಟಿದ್ದು 1866ರಲ್ಲಿ, ಬಡ ಮನೆಯಲ್ಲಿ. ಕೋಲಾರದ ಕಡೆಯ ಬೆಟ್ಟದಲ್ಲಿ ಒಬ್ಬ ಗುರು ಸಿಕ್ಕರು, ಅವರಿಂದ ವಿಮಾನ ವಿದ್ಯೆಯೂ ಸೇರಿ ಹಲವು ಶಾಸ್ತ್ರ ತಿಳಿಯಿತು ಅಂತ ಅವರು ಹೇಳಿಕೊಂಡಿದ್ದಾರೆ. ಸ್ಫೂರ್ತಿ ಬಂದಾಗ ಅವರ ಬಾಯಿಂದ ಶ್ಲೋಕಗಳು ಬರುತ್ತಿದ್ದವು. ಜಿ. ವೆಂಕಟಾಚಲ ಶರ್ಮ ಎನ್ನುವವರು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಹೀಗೆ 1923ರ ಹೊತ್ತಿಗೆ ಎಂಟು ಅಧ್ಯಾಯ, ಸುಮಾರು 3000 ಶ್ಲೋಕ ಆಯಿತು. ಶಕುನ, ಸುಂದರ, ರುಕ್ಮ, ತ್ರಿಪುರ ಅಂತ ನಾಲ್ಕು ವಿಮಾನಗಳು. ವಿಮಾನ ನಡೆಸುವವನು ತಿಳಿದಿರಬೇಕಾದ 32 ರಹಸ್ಯಗಳು, ಅವನ ಊಟ, ಬಟ್ಟೆ, ವಿಮಾನಕ್ಕೆ ಬೇಕಾದ ಲೋಹ, ಕನ್ನಡಿ ಎಲ್ಲವೂ ಅದರಲ್ಲಿವೆ.

ಇಲ್ಲಿ ಗಮನಿಸಿ. ಇದರಲ್ಲಿ ತಾಳೆಗರಿ ಎಲ್ಲೂ ಬರುವುದಿಲ್ಲ. ಒಬ್ಬರು ಹೇಳಿದ್ದು, ಇನ್ನೊಬ್ಬರು ಬರೆದದ್ದು, ಅಷ್ಟೇ. ಶಾಸ್ತ್ರಿಗಳು ತೀರಿಕೊಂಡ ಮೇಲೆ ಕಾಗದಗಳು ಶರ್ಮರ ಬಳಿ ಉಳಿದವು. 1944ರ ಹೊತ್ತಿಗೆ ಬರೋಡದ ಸಂಸ್ಕೃತ ಗ್ರಂಥಾಲಯದಲ್ಲಿ ಒಂದು ಪ್ರತಿ ಕಾಣಿಸಿತು. ಅದೂ ಶರ್ಮರ ಬರವಣಿಗೆಯಿಂದ ಬಂದದ್ದೇ. ಅದರಿಂದ 1959ರಲ್ಲಿ ಹಿಂದಿ ಪುಸ್ತಕ ಬಂತು. ಆದರೆ ಅದಕ್ಕೂ ಮೊದಲೇ, 1952ರಲ್ಲಿ, ಜೋಸ್ಯರ್ ಪತ್ರಿಕೆಯವರಿಗೆ ಹಸ್ತಪ್ರತಿಗಳನ್ನು ತೋರಿಸಿ, ಇವು ಹಲವು ಸಾವಿರ ವರ್ಷ ಹಳೆಯವು ಅಂದಿದ್ದರು. ಕಾಗದದ ವಯಸ್ಸು ಸುಮಾರು ಮೂವತ್ತು ವರ್ಷ. ಮಾತಿನಲ್ಲಿ ಅದು ಸಾವಿರಾರು ವರ್ಷ ಆಗಿಹೋಯಿತು.

1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಐದು ಜನ, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು, ಇದನ್ನು ಕೂತು ಓದಿದರು. ಇವರನ್ನು ಪಾಶ್ಚಾತ್ಯರ ಶಿಷ್ಯರು, ಸಂಪ್ರದಾಯದ ವಿರೋಧಿಗಳು ಅಂತ ಬೈಯುವವರನ್ನು ನೋಡಿದ್ದೇನೆ. ಅವರಲ್ಲಿ ನಾಗೇಂದ್ರ ಅವರು ಮುಂದೆ ತಮ್ಮ ಬದುಕನ್ನೇ ಯೋಗಕ್ಕೆ ಕೊಟ್ಟವರು. ಅವರ ಯೋಗ ವಿಶ್ವವಿದ್ಯಾಲಯ ಇರುವುದು ಜಿಗಣಿ ಹತ್ತಿರ, ಅದೇ ಆನೇಕಲ್ ತಾಲ್ಲೂಕಿನಲ್ಲಿ!

ಅವರು ಮೊದಲು ನೋಡಿದ್ದು ಭಾಷೆಯನ್ನು. ಇದು ವೇದಕಾಲದ ಸಂಸ್ಕೃತ ಅಲ್ಲ, ಇತ್ತೀಚಿನ ಸುಲಭ ಸಂಸ್ಕೃತ. ನಮಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಪಂಪನ ಹೊಸ ಕಾವ್ಯ ಸಿಕ್ಕಿದೆ ಅಂತ ಯಾರಾದರೂ ತಂದುಕೊಟ್ಟು, ಅದನ್ನು ತೆರೆದರೆ ಒಳಗೆ ನಾವು ಮಾತಾಡುವ ಕನ್ನಡವೇ ಇದ್ದರೆ? ಎರಡು ಸಾಲು ಓದಿದ ತಕ್ಷಣ ಗೊತ್ತಾಗುತ್ತೆ ಅಲ್ವಾ? ಆಮೇಲೆ ಅವರು ವಿಮಾನಗಳನ್ನು ನೋಡಿದರು. ರುಕ್ಮ ವಿಮಾನದಲ್ಲಿ ಮಾತ್ರ ಸ್ವಲ್ಪ ಅರ್ಥ ಕಂಡಿತು. ಮೇಲಿನ ಗಾಳಿಯನ್ನು ಫ್ಯಾನಿನಿಂದ ಎಳೆದು, ಉದ್ದ ಕೊಳವೆಗಳಲ್ಲಿ ಕೆಳಕ್ಕೆ ತಳ್ಳಿದರೆ ಯಂತ್ರ ಮೇಲೇಳಬಹುದು ಅನ್ನುವ ಯೋಚನೆ ಅದು. ಉಳಿದವು ಹಾರಲು ಸಹಾಯ ಮಾಡುವ ಬದಲು ಹಾರಾಟಕ್ಕೇ ಅಡ್ಡಿ ಮಾಡುತ್ತವೆ. ಜೊತೆಗೆ ಶ್ಲೋಕದಲ್ಲಿ ಇರುವುದಕ್ಕೂ ಚಿತ್ರದಲ್ಲಿ ಇರುವುದಕ್ಕೂ ತಾಳೆಯಾಗುವುದಿಲ್ಲ. ಚಿತ್ರದಲ್ಲಿ ಹೊಸ ಕಾಲದ ಯಂತ್ರಗಳ ಪರಿಚಯ ಕಾಣುತ್ತೆ. ಯಾಕೆಂದರೆ ಎಲ್ಲಪ್ಪ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಈ ಗ್ರಂಥ 1904ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ ಅನ್ನುವುದು ಆ ಐದು ಜನರ ತೀರ್ಮಾನ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅವರು ತಪ್ಪನ್ನು ಯಾರ ಮೇಲೆ ಹೊರಿಸಿದರು ಅನ್ನುವುದು. ಶಾಸ್ತ್ರಿಗಳ ಮೇಲೆ ಅಲ್ಲ. ಹಸ್ತಪ್ರತಿಯ ಹಿನ್ನೆಲೆಯನ್ನು ತಿರುಚಿದವರು ಅಥವಾ ಮುಚ್ಚಿಟ್ಟವರು ಪ್ರಕಟಣೆಗೆ ಸಂಬಂಧಪಟ್ಟವರು, ತಪ್ಪು ಅವರದ್ದು ಅಂತ ಬರೆದರು. ನಾನೂ ಅದನ್ನೇ ಒಪ್ಪುತ್ತೇನೆ. ಖೋಟಾ ಅನ್ನಬೇಕಾದರೆ ಮೋಸ ಮಾಡುವ ಉದ್ದೇಶ ಇರಬೇಕು. ಹಳೆಯ ಗರಿ ತಂದು, ಹಳೆಯ ಅಕ್ಷರ ಬರೆದು, ಹೊಗೆ ಹಿಡಿಸಿ ಇಟ್ಟಿದ್ದರೆ ಅದು ಖೋಟಾ. ಶಾಸ್ತ್ರಿಗಳು ಹಾಗೆ ಏನೂ ಮಾಡಲಿಲ್ಲ. ಎಲ್ಲರ ಎದುರಿಗೆ ಬಾಯಿಬಿಟ್ಟು ಹೇಳಿದರು, ಹೇಳಿದ್ದು ತಮಗೆ ದರ್ಶನವಾಗಿ ಬಂದದ್ದು ಅಂತ ನಂಬಿದ್ದರು. ವಿಮಾನದ ಸುದ್ದಿ ಪತ್ರಿಕೆಗಳಲ್ಲಿ ತುಂಬಿದ್ದ ಕಾಲ ಅದು. ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕುತ್ತಿದ್ದವು. ಅಂಥ ಕಾಲದಲ್ಲಿ ಆನೇಕಲ್ಲಿನಲ್ಲಿ ಕೂತು ಅನುಷ್ಟುಪ್ ಛಂದಸ್ಸಿನಲ್ಲಿ ವಿಮಾನ ಕಟ್ಟಿದ ಒಬ್ಬ ಮನುಷ್ಯ. ನನಗೆ ಅವರ ಮೇಲೆ ಗೌರವ ಇದೆ. ವಿಜ್ಞಾನಿ ಅಂತ ಅಲ್ಲ, ಕವಿ ಅಂತ.

ನಿಜವಾದ ಹಳೆಯ ಹಸ್ತಪ್ರತಿ ಹೇಗಿರುತ್ತೆ ಅಂತ ನೋಡಲು ದೂರ ಹೋಗಬೇಕಿಲ್ಲ. ಅದೂ ಮೈಸೂರಿನಲ್ಲೇ ಆಯಿತು, ಹೆಚ್ಚು ಕಡಿಮೆ ಅದೇ ಕಾಲದಲ್ಲಿ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ಕೊಟ್ಟು ಹೋದರು. ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥ ಲಿಪಿಯ (ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ) ಆ ಗರಿಗಳನ್ನು ಬಿಡಿಸಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು. ಅವರ ಮಾತನ್ನು ಜನ ಸುಮ್ನೆ ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಯಾಕೆಂದರೆ ಗರಿ ಸಿಗುವ ನೂರಾರು ವರ್ಷ ಮೊದಲೇ ದಂಡಿ, ಕಾಮಂದಕರಂಥ ಹಳೆಯ ಸಂಸ್ಕೃತ ಲೇಖಕರು ಆ ಗ್ರಂಥದ ಮಾತೆತ್ತಿದ್ದರು. ಆಮೇಲೆ ಬೇರೆ ಊರುಗಳಲ್ಲೂ ಅದರ ಪ್ರತಿಗಳು ಸಿಕ್ಕವು. ಆದರೂ ಕೌಟಿಲ್ಯ ಒಬ್ಬನೇ ಬರೆದನೋ ಹಲವರು ಸೇರಿಸಿದರೋ ಅಂತ ಪಂಡಿತರು ಇವತ್ತಿಗೂ ವಾದ ಮಾಡುತ್ತಾರೆ. ಹಾಗೆ ವಾದ ಮಾಡಿದರೆ ಅರ್ಥಶಾಸ್ತ್ರಕ್ಕೆ ಅವಮಾನ ಅಂತ ಯಾರೂ ಅನ್ನುವುದಿಲ್ಲ.

ವೈಮಾನಿಕ ಶಾಸ್ತ್ರವನ್ನು ಹೀಗೆ ಹೆಸರಿಸಿದ ಒಂದು ಹಳೆಯ ಗ್ರಂಥವೂ ಎದುರಿಗೆ ಬಂದಿಲ್ಲ. ಹಾರುವ ಯಂತ್ರದ ಕಲ್ಪನೆ ನಮ್ಮಲ್ಲಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಭೋಜರಾಜನ ಸಮರಾಂಗಣ ಸೂತ್ರಧಾರದಲ್ಲಿ ಮರದ ಹಕ್ಕಿಯೊಳಗೆ ಪಾದರಸ ಕಾಯಿಸಿ ಹಾರಿಸುವ ಮಾತಿದೆ. ಅದು ನಿಜವಾಗಿಯೂ 11ನೇ ಶತಮಾನದ್ದು. ಪುಷ್ಪಕ ವಿಮಾನದ ಕತೆ ಕೇಳಿ ಬೆಳೆದವರು ನಾವು. ಆ ಕಲ್ಪನೆಯ ಸಾಲಿನಲ್ಲಿ ಶಾಸ್ತ್ರಿಗಳಿಗೂ ಒಂದು ಜಾಗ ಕೊಡಿ ಅನ್ನುತ್ತೇನೆ. 2015ರಲ್ಲಿ ಮುಂಬೈಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದೇ ಪುಸ್ತಕ ಇಟ್ಟುಕೊಂಡು ಪ್ರಾಚೀನ ವಿಮಾನಗಳ ಬಗ್ಗೆ ಭಾಷಣ ನಡೆದಾಗ ಅಲ್ಲಿ ಮೆರೆದದ್ದು ಭರದ್ವಾಜರ ಹೆಸರು. ಆನೇಕಲ್ಲಿನ ಮನುಷ್ಯನನ್ನು ಮೂಲೆಗೆ ತಳ್ಳಿದರು.

ಇಷ್ಟನ್ನೂ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. "ನಿನಗೆ ಋಷಿಗಳ ಮೇಲೆ ನಂಬಿಕೆ ಇಲ್ವೇನೋ?" ಅಂದರು. "ಇದೆ ದೊಡ್ಡಪ್ಪ. ಅದಕ್ಕೇ ಅವರು ಬರೆಯದ್ದನ್ನು ಅವರ ತಲೆಗೆ ಕಟ್ಟಬಾರದು ಅನ್ನೋದು" ಅಂದೆ. ಅವರು ಒಪ್ಪಲಿಲ್ಲ. ಋಷಿಗಳಿಗೆ ಗೊತ್ತಿತ್ತು ಕಣೋ, ನಮಗೆ ಉಳಿಸಿಕೊಳ್ಳೋಕೆ ಬರಲಿಲ್ಲ ಅಂದರು. ಆಮೇಲೆ ಪುಸ್ತಕದ ಪುಟದ ಫೋಟೋ ಕಳಿಸಿದೆ, ಕತ್ತರಿಸದೆ ಇರುವುದು. ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು. ಕನ್ನಡಕ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿ ಓದಿದ್ದರು.

"ಈ ಎಲ್ಲಪ್ಪ ಅನ್ನೋರು ಚೆನ್ನಾಗಿ ಬರೆದಿದಾರಲ್ಲೋ. ಗೆರೆ ಒಂದೂ ಅಲುಗಿಲ್ಲ ನೋಡು."

ಆ ಪೂರ್ತಿ ಪುಟವನ್ನು ಕೆಳಗೆ ಕಾಮೆಂಟಿನಲ್ಲಿ ಹಾಕಿದ್ದೇನೆ. ಶೇರ್ ಮಾಡುವವರು ದಯವಿಟ್ಟು ಎರಡೂ ಹೆಸರು ಕಾಣುವ ಹಾಗೆ ಮಾಡಿ.