ಹ್ಯಾಕಿಂಗ್: ಕೃತ್ಯ ಒಂದೇ, ಉದ್ದೇಶ ಹಲವು

‘ನನ್ನ ಖಾತೆ ಹ್ಯಾಕ್ ಆಗಿದೆ, ಹಣ ಕೇಳಿದರೆ ಯಾರೂ ಕೊಡಬೇಡಿ’ ಎಂಬ ಪೋಸ್ಟ್ ಆಗಾಗ ನಮ್ಮೆಲ್ಲರ ಕಣ್ಣಿಗೂ ಬೀಳುತ್ತಿರುತ್ತದೆ. ಇಂತಹ ಬಹುಪಾಲು ಸಂದರ್ಭಗಳಲ್ಲಿ ಯಾರ ಖಾತೆಯೊಳಗೂ ಯಾರೂ ನುಗ್ಗಿರುವುದಿಲ್ಲ. ಎಲ್ಲರಿಗೂ ಕಾಣುವಂತೆ ಹಾಕಿದ್ದ ಫೋಟೋವನ್ನು ಇಳಿಸಿಕೊಂಡು, ಅದೇ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು, ಸ್ನೇಹಿತರ ಪಟ್ಟಿಯಲ್ಲಿರುವವರಿಗೆಲ್ಲ ‘ಅರ್ಜೆಂಟಾಗಿ ಹತ್ತು ಸಾವಿರ ಕಳಿಸಿ, ನಾಳೆ ಬೆಳಿಗ್ಗೆ ವಾಪಸ್ ಹಾಕುತ್ತೇನೆ’ ಎಂದು ಬರೆದಿರುತ್ತಾರೆ. ಇದು ಶುದ್ಧ ವಂಚನೆಯೇ ಹೊರತು ಹ್ಯಾಕಿಂಗ್ ಅಲ್ಲ. ನಮ್ಮ ಜನರಲ್ಲಿ ಹ್ಯಾಕಿಂಗ್ ಬಗ್ಗೆ ಇರುವ ಭಯ ಮತ್ತು ಬೆರಗು ಎರಡೂ ಇಂತಹ ಗೊಂದಲದಿಂದಲೇ ಬೆಳೆದಿವೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಹ್ಯಾಕಿಂಗ್ ಎಂದರೆ ನಿಜವಾಗಿ ಏನು, ಅದನ್ನು ಜನ ಏಕೆ ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಒಂದು ವ್ಯವಸ್ಥೆಯನ್ನು ಕಟ್ಟಿದವರು ಅದು ಹೇಗೆ ನಡೆಯಬೇಕೆಂದು ಅಂದುಕೊಂಡಿರುತ್ತಾರೋ ಅದಕ್ಕೂ, ಅದು ವಾಸ್ತವದಲ್ಲಿ ನಡೆಯುವ ರೀತಿಗೂ ನಡುವೆ ಯಾವಾಗಲೂ ಒಂದಿಷ್ಟು ಅಂತರ ಇದ್ದೇ ಇರುತ್ತದೆ. ಆ ಅಂತರವನ್ನು ಹುಡುಕಿ, ಕಟ್ಟಿದವರು ಬಯಸದ ಕೆಲಸವನ್ನು ಆ ವ್ಯವಸ್ಥೆಯಿಂದ ಮಾಡಿಸುವುದೇ ಹ್ಯಾಕಿಂಗ್. ಸಿನಿಮಾಗಳಲ್ಲಿ ತೋರಿಸುವ ಹಾಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಸುರಿಯುವುದಾಗಲಿ, ಅರ್ಧ ನಿಮಿಷದಲ್ಲಿ ‘ಆಕ್ಸೆಸ್ ಗ್ರಾಂಟೆಡ್’ ಎಂದು ಬರುವುದಾಗಲಿ ಅಲ್ಲಿ ಇರುವುದಿಲ್ಲ. ಇರುವುದು ಬಹಳಷ್ಟು ಓದು, ಅದಕ್ಕಿಂತ ಹೆಚ್ಚಿನ ತಾಳ್ಮೆ ಮತ್ತು ‘ಹೀಗೆ ಮಾಡಿದರೆ ಏನಾಗಬಹುದು’ ಎಂಬ ಹಠ.

ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಆನಂದ್ ಪ್ರಕಾಶ್ ಎಂಬ ಯುವ ಭದ್ರತಾ ತಜ್ಞ 2016ರಲ್ಲಿ ಇಲ್ಲಿಯೇ ಕೆಲಸದಲ್ಲಿದ್ದರು. ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಮರೆತರೆ ನಮ್ಮ ಫೋನಿಗೆ ಆರು ಅಂಕಿಯ ಸಂಕೇತವೊಂದು ಬರುತ್ತದೆ. ಆರು ಅಂಕಿ ಎಂದರೆ ಒಟ್ಟು ಹತ್ತು ಲಕ್ಷ ಸಾಧ್ಯತೆಗಳು. ಕೈಯಿಂದ ಒಂದೊಂದಾಗಿ ಹಾಕಿ ನೋಡಲು ಆಗದು, ಆದರೆ ಒಂದು ಚಿಕ್ಕ ಪ್ರೋಗ್ರಾಮಿಗೆ ಅದು ದೊಡ್ಡ ಕೆಲಸವೇನಲ್ಲ. ಫೇಸ್‌ಬುಕ್‌ಗೂ ಇದು ಗೊತ್ತಿದ್ದುದರಿಂದ ಹತ್ತು ಹನ್ನೆರಡು ಸಲ ತಪ್ಪು ಸಂಕೇತ ಕೊಟ್ಟರೆ ಮುಖ್ಯ ತಾಣ ಮುಂದಕ್ಕೆ ಬಿಡುತ್ತಿರಲಿಲ್ಲ. ಆನಂದ್ ಅಲ್ಲಿಗೇ ನಿಲ್ಲಿಸದೆ, ಹೊಸ ಸೌಲಭ್ಯಗಳನ್ನು ಪರೀಕ್ಷಿಸಲೆಂದು ಕಂಪನಿ ಪ್ರತ್ಯೇಕವಾಗಿ ಇಟ್ಟಿದ್ದ ‘ಬೀಟಾ’ ವಿಳಾಸದಲ್ಲಿ ಅದನ್ನೇ ಮಾಡಿ ನೋಡಿದರು. ಅಲ್ಲಿ ಆ ಮಿತಿಯನ್ನು ಹಾಕುವುದು ಯಾರಿಗೂ ನೆನಪಾಗಿರಲಿಲ್ಲ. ಅಂದರೆ ಜಗತ್ತಿನ ಯಾವುದೇ ಫೇಸ್‌ಬುಕ್ ಖಾತೆಯ ಪಾಸ್‌ವರ್ಡನ್ನು, ಖಾತೆಯ ಒಡೆಯ ಏನೂ ಮಾಡದಿದ್ದರೂ ಬದಲಾಯಿಸಲು ಸಾಧ್ಯವಿತ್ತು. ಅವರು ಪರೀಕ್ಷೆ ಮಾಡಿದ್ದು ತಮ್ಮದೇ ಖಾತೆಯ ಮೇಲೆ. ವರದಿ ಮಾಡಿದ ಮರುದಿನವೇ ಕಂಪನಿ ದೋಷವನ್ನು ಸರಿಪಡಿಸಿ, 15,000 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ಹತ್ತು ಲಕ್ಷ ರೂಪಾಯಿ, ಬಹುಮಾನ ಕೊಟ್ಟಿತು.

ಇಲ್ಲಿ ಬಳಕೆಯಾದ ವಿಧಾನದಲ್ಲಿ ಅತಿಮಾನುಷವಾದದ್ದು ಏನೂ ಇಲ್ಲ. ಇದೇ ಲೋಪ ಬೇರೆಯವರ ಕೈಗೆ ಸಿಕ್ಕಿದ್ದರೆ ಅದು ಸುಲಿಗೆಗೆ ಬಳಕೆಯಾಗಬಹುದಿತ್ತು, ಯಾವುದಾದರೂ ಸರ್ಕಾರದ ಕೈಗೆ ಸಿಕ್ಕಿದ್ದರೆ ತನ್ನ ವಿರೋಧಿಗಳ ಖಾಸಗಿ ಸಂದೇಶಗಳನ್ನು ಓದಲು ಬಳಕೆಯಾಗಬಹುದಿತ್ತು. ಮೂವರೂ ಮಾಡುವ ಕೆಲಸ ತಾಂತ್ರಿಕವಾಗಿ ಒಂದೇ. ಆದುದರಿಂದ ‘ಏಕೆ’ ಎಂಬ ಪ್ರಶ್ನೆಯನ್ನು ಬಿಟ್ಟು ಹ್ಯಾಕಿಂಗ್ ಬಗ್ಗೆ ಮಾತನಾಡುವುದು ನನಗೆ ಅರ್ಥಹೀನವೆನಿಸುತ್ತದೆ.

ಮೊದಮೊದಲು ಈ ಕೆಲಸಕ್ಕೆ ಇಳಿದವರನ್ನು ಎಳೆದು ತಂದದ್ದು ಬಹುಮಟ್ಟಿಗೆ ಕುತೂಹಲ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ದೂರವಾಣಿ ಜಾಲಕ್ಕೆ ಸರಿಯಾದ ಸ್ವರ ಕೇಳಿಸಿ ಪುಕ್ಕಟೆ ಕರೆ ಮಾಡುವ ‘ಬ್ಲೂ ಬಾಕ್ಸ್’ ಪೆಟ್ಟಿಗೆಗಳನ್ನು ತಯಾರಿಸಿ ಮಾರಿದವರಲ್ಲಿ, ಮುಂದೆ ಆಪಲ್ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಕೂಡ ಇದ್ದರು. (ಅಂದು ಅವರು ಸಿಕ್ಕಿಬಿದ್ದು ಜೈಲಿಗೆ ಹೋಗಿದ್ದರೆ ಇಂದು ಎಷ್ಟೋ ಜನರ ಕೈಯಲ್ಲಿ ಬೇರೆ ಫೋನ್ ಇರುತ್ತಿತ್ತು.)

ಕುತೂಹಲದ ಬಗ್ಗೆ ಮಾತನಾಡುವಾಗ ರಾಬರ್ಟ್ ಟಪ್ಪನ್ ಮಾರಿಸ್‌ನ ಕತೆಯನ್ನು ಹೇಳಲೇಬೇಕು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಈ ವಿದ್ಯಾರ್ಥಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುವ ಪುಟ್ಟ ಪ್ರೋಗ್ರಾಮೊಂದನ್ನು ಆಗಿನ ಇಂಟರ್‌ನೆಟ್ಟಿಗೆ ಬಿಟ್ಟ. ತನ್ನ ಗುರುತು ಸಿಗಬಾರದೆಂದು ಕಾರ್ನೆಲ್‌ನಿಂದ ಬಿಡದೆ ಅಮೆರಿಕದ ಇನ್ನೊಂದು ವಿಶ್ವವಿದ್ಯಾಲಯವಾದ ಎಂಐಟಿಯ ಯಂತ್ರವೊಂದರಿಂದ ಬಿಟ್ಟಿದ್ದ. ಆ ಪ್ರೋಗ್ರಾಮ್ ಯಾರ ಕಡತವನ್ನೂ ಅಳಿಸಲಿಲ್ಲ, ಏನನ್ನೂ ಕದಿಯಲಿಲ್ಲ. ಮೇಲ್ ಕಳಿಸುವ ತಂತ್ರಾಂಶದ ಲೋಪ, ಜನರು ಇಟ್ಟುಕೊಂಡಿದ್ದ ಸುಲಭದ ಪಾಸ್‌ವರ್ಡ್ ಇತ್ಯಾದಿಗಳನ್ನು ಬಳಸಿ ಒಳಗೆ ಸೇರಿ ಕುಳಿತುಕೊಳ್ಳುವುದಷ್ಟೇ ಅದರ ಕೆಲಸ. ಒಂದು ಯಂತ್ರದಲ್ಲಿ ಈಗಾಗಲೇ ತನ್ನ ಪ್ರತಿ ಇದೆಯೇ ಎಂದು ಅದು ಮೊದಲು ಕೇಳುತ್ತಿತ್ತು. ಆದರೆ ನಿರ್ವಾಹಕರು ‘ಇದೆ’ ಎಂದು ಸುಳ್ಳು ಉತ್ತರ ಕೊಟ್ಟು ತಡೆದಾರೆಂಬ ಅನುಮಾನದಿಂದ, ಏಳು ಸಲಕ್ಕೊಮ್ಮೆ ಆ ಉತ್ತರವನ್ನು ಲೆಕ್ಕಿಸದೆ ಉಳಿದುಕೊಳ್ಳುವಂತೆ ಬರೆದಿದ್ದ. ಏಳಕ್ಕೊಂದು ಎಂಬ ಈ ಲೆಕ್ಕವೇ ಅನಾಹುತಕ್ಕೆ ಕಾರಣವಾಯಿತು. ಒಂದೇ ಯಂತ್ರದಲ್ಲಿ ಹತ್ತಾರು ಪ್ರತಿಗಳು ಸೇರಿಕೊಂಡು, ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾ ಕೇಂದ್ರಗಳ ಸಾವಿರಾರು ಕಂಪ್ಯೂಟರುಗಳು ಮೇಲೇಳಲಾರದೆ ನಿಂತುಹೋದವು.

ಮಾರಿಸ್‌ನ ಮೇಲೆ ಅಮೆರಿಕದ 1986ರ ಕಂಪ್ಯೂಟರ್ ಅಪರಾಧ ಕಾಯ್ದೆಯಡಿ ಮೊಕದ್ದಮೆ ನಡೆಯಿತು. ಹಾನಿ ಮಾಡುವ ಉದ್ದೇಶ ತನಗಿರಲಿಲ್ಲ ಎಂಬುದು ಅವನ ವಾದ. ಅನುಮತಿಯಿಲ್ಲದೆ ಪ್ರವೇಶಿಸುವ ಉದ್ದೇಶ ಇತ್ತೆಂದು ಸಾಬೀತಾದರೆ ಸಾಕು, ಹಾನಿಯ ಉದ್ದೇಶವನ್ನು ಬೇರೆಯಾಗಿ ಸಾಬೀತು ಮಾಡಬೇಕಾಗಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಹೇಳಿತು. ಆದರೂ ಶಿಕ್ಷೆ ವಿಧಿಸಿದ್ದ ನ್ಯಾಯಾಧೀಶರು ಅವನನ್ನು ಜೈಲಿಗೆ ಕಳಿಸಿರಲಿಲ್ಲ. ಮೂರು ವರ್ಷದ ಪ್ರೊಬೇಷನ್ (ಜೈಲಿನ ಹೊರಗೇ ನಿಗಾದಲ್ಲಿರುವುದು), 400 ಗಂಟೆಗಳ ಸಮುದಾಯ ಸೇವೆ ಮತ್ತು ಹತ್ತು ಸಾವಿರ ಡಾಲರಿಗೂ ಸ್ವಲ್ಪ ಹೆಚ್ಚಿನ ದಂಡ, ಇಷ್ಟೇ. ಅದೇ ಮಾರಿಸ್ ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕರಾದರು. ಕಾನೂನು ಅಪರಾಧವನ್ನು ಅಪರಾಧವೆಂದೇ ಕರೆದು, ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಮನಸ್ಸಿನಲ್ಲಿ ಏನಿತ್ತೆಂಬುದನ್ನು ನೋಡಿತು. ಇದು ವಿವೇಕದ ನಡೆ ಎಂದೇ ನಾನು ಭಾವಿಸುತ್ತೇನೆ.

ಸೇಡು ಇನ್ನೊಂದು ಕಾರಣ, ಅದನ್ನು ಬೇಗ ಹೇಳಿ ಮುಗಿಸಬಹುದು. ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ 2000ದಲ್ಲಿ, ಒಳಚರಂಡಿ ನಿಯಂತ್ರಣ ವ್ಯವಸ್ಥೆಯನ್ನು ಅಳವಡಿಸಿದ ಗುತ್ತಿಗೆ ಕಂಪನಿಯಲ್ಲಿ ಹಿಂದೆ ಕೆಲಸ ಮಾಡಿದ್ದವನೊಬ್ಬ, ಸ್ಥಳೀಯ ಆಡಳಿತ ತನಗೆ ನೌಕರಿ ನಿರಾಕರಿಸಿತೆಂಬ ಸಿಟ್ಟಿಗೆ, ರೇಡಿಯೋ ಸಂಕೇತಗಳ ಮೂಲಕ ಪಂಪುಗಳನ್ನು ಕೆಡಿಸಿ ಸುಮಾರು ಎಂಟು ಲಕ್ಷ ಲೀಟರ್ ಕೊಳಚೆ ನೀರನ್ನು ಉದ್ಯಾನಗಳಿಗೂ ಹೊಳೆಗೂ ಹರಿಸಿದ. ಕೆಲಸ ಬಿಟ್ಟವರ ಲಾಗಿನ್‌ಗಳನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡುವ ನಮ್ಮ ಕಚೇರಿಗಳು ಇದನ್ನು ಓದಿಕೊಳ್ಳಬೇಕು.

ಇಂದು ಮುನ್ನೆಲೆಯಲ್ಲಿರುವುದು ಹಣ. ಅಷ್ಟೇ ಅಲ್ಲ, ಸಂಬಳ, ಪಾಳಿ, ಮೇಲಧಿಕಾರಿ ಎಲ್ಲವೂ ಇರುವ ವೃತ್ತಿಯಾಗಿಯೇ ಅದು ಬೆಳೆದಿದೆ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಮೇಲೆ 2016ರ ಫೆಬ್ರುವರಿಯಲ್ಲಿ ನಡೆದ ದಾಳಿಯನ್ನೇ ನೋಡಿ. ಅದರ ಸಿದ್ಧತೆ ಒಂದು ವರ್ಷ ಮೊದಲೇ, ಕೆಲಸ ಕೇಳಿಕೊಂಡು ಬಂದ ಅರ್ಜಿಯಂತೆ ಕಾಣುವ ಇಮೇಲ್‌ಗಳಿಂದ ಆರಂಭವಾಗಿತ್ತು. ಒಳಗೆ ಸೇರಿದವರು ಆತುರಪಡದೆ ಕಾದರು. ದಿನವನ್ನು ಆರಿಸಿಕೊಂಡ ರೀತಿಯಲ್ಲಿಯೇ ಅವರ ಲೆಕ್ಕಾಚಾರ ಕಾಣುತ್ತದೆ: ಗುರುವಾರ ರಾತ್ರಿ ಕೆಲಸ ಶುರು, ಶುಕ್ರವಾರ ಢಾಕಾದಲ್ಲಿ ವಾರದ ರಜೆ, ಶನಿವಾರ ಭಾನುವಾರ ನ್ಯೂಯಾರ್ಕ್‌ನಲ್ಲಿ ರಜೆ, ಸೋಮವಾರ ಚೀನೀ ಹೊಸ ವರ್ಷದ ನಿಮಿತ್ತ ಫಿಲಿಪ್ಪೀನ್ಸ್‌ನಲ್ಲಿ ರಜೆ. ವಹಿವಾಟಿನ ವಿವರಗಳನ್ನು ತಾನಾಗಿಯೇ ಮುದ್ರಿಸುವ ಪ್ರಿಂಟರ್ ಅಂದು ಕೆಲಸ ಮಾಡಲಿಲ್ಲ. ಪ್ರಿಂಟರ್ ಕೈಕೊಡುವುದು ಎಲ್ಲ ಕಚೇರಿಗಳಲ್ಲೂ ಮಾಮೂಲಿ ಸಂಗತಿಯಾದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಅಷ್ಟರಲ್ಲಿ, ಬಾಂಗ್ಲಾದೇಶದ ಕೇಂದ್ರ ಬ್ಯಾಂಕ್ ಖಾತೆ ಹೊಂದಿದ್ದ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ, ಒಟ್ಟು 95 ಕೋಟಿ ಡಾಲರ್ ವರ್ಗಾಯಿಸುವಂತೆ 35 ಆದೇಶಗಳು ಹೋಗಿದ್ದವು.

ಅಷ್ಟೂ ಹಣ ಹೋಗದಿದ್ದುದಕ್ಕೆ ಕಾರಣ ಯಾವ ಭದ್ರತಾ ಜಾಣ್ಮೆಯೂ ಅಲ್ಲ. ಹಣ ತಲುಪಬೇಕಿದ್ದ ಮನಿಲಾದ ಬ್ಯಾಂಕ್ ಶಾಖೆ ‘ಜುಪಿಟರ್’ ಎಂಬ ಹೆಸರಿನ ಬೀದಿಯಲ್ಲಿತ್ತು, ಅದೇ ಹೆಸರು ನಿರ್ಬಂಧಿತ ಇರಾನಿ ಹಡಗೊಂದಕ್ಕೂ ಇದ್ದುದರಿಂದ ಆದೇಶಗಳು ಪರಿಶೀಲನೆಗೆ ತಡೆಹಿಡಿಯಲ್ಪಟ್ಟವು. ಶ್ರೀಲಂಕಾಕ್ಕೆ ಹೊರಟಿದ್ದ ಎರಡು ಕೋಟಿ ಡಾಲರ್, ‘ಫೌಂಡೇಷನ್’ ಎಂಬ ಪದದ ಕಾಗುಣಿತ ತಪ್ಪಾಗಿದ್ದುದರಿಂದ ನಡುವಿನ ಬ್ಯಾಂಕಿನ ಕಣ್ಣಿಗೆ ಬಿತ್ತು. ಆದರೂ 8.1 ಕೋಟಿ ಡಾಲರ್ ಮನಿಲಾ ತಲುಪಿ, ಅದರ ಬಹುಪಾಲು ಅಲ್ಲಿನ ಕ್ಯಾಸಿನೋಗಳಲ್ಲಿ ಕರಗಿಹೋಯಿತು. ಈ ದಾಳಿಯ ಹಿಂದೆ ಉತ್ತರ ಕೊರಿಯಾ ಸರ್ಕಾರಕ್ಕಾಗಿ ಕೆಲಸ ಮಾಡುವ ತಂಡವಿದೆ ಎಂದು ಅಮೆರಿಕ 2018ರಲ್ಲಿ ದೋಷಾರೋಪ ಹೊರಿಸಿತು. ಕಳ್ಳತನ ಮತ್ತು ರಾಜ್ಯದ ನೀತಿ ಎರಡೂ ಒಂದೇ ಆಗಿಬಿಟ್ಟ ಪ್ರಕರಣವಿದು. ಅದೇ 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಎರಡೇ ದಿನಗಳ ವ್ಯವಹಾರದಲ್ಲಿ 94 ಕೋಟಿ ರೂಪಾಯಿ ಹೋಯಿತು.

ನಮ್ಮ ರಾಜ್ಯದಲ್ಲಿಯೂ 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ ಗುತ್ತಿಗೆದಾರರ ಠೇವಣಿ ಹಣ, ಸುಮಾರು ಹನ್ನೊಂದೂವರೆ ಕೋಟಿ ರೂಪಾಯಿ, ಬೇರೆ ಖಾತೆಗಳಿಗೆ ಹೋದ ಪ್ರಕರಣ ದಾಖಲಾಯಿತು. ಮುಂದೆ ಅದು ಬಿಟ್‌ಕಾಯಿನ್ ಹಗರಣದ ಭಾಗವಾಗಿ ರಾಜಕೀಯ ಪಕ್ಷಗಳ ಪರಸ್ಪರ ಆರೋಪಕ್ಕೆ ಸರಕಾಯಿತು. ಆ ಗದ್ದಲದಲ್ಲಿ ಯಾರ ಹೆಸರು ಕೇಳಿಬಂತು, ಯಾರು ಯಾರನ್ನು ರಕ್ಷಿಸಿದರು ಎಂಬುದೆಲ್ಲ ದಿನಗಟ್ಟಲೆ ಚರ್ಚೆಯಾಯಿತೇ ಹೊರತು, ಪೋರ್ಟಲ್‌ನಲ್ಲಿದ್ದ ಲೋಪ ಯಾವುದು, ಅದನ್ನು ಮುಚ್ಚಲಾಯಿತೇ ಎಂದು ಕೇಳಿದವರು ನನಗೆ ಕಂಡದ್ದು ಕಡಿಮೆ.

ಒಬ್ಬನೇ ವ್ಯಕ್ತಿಯಲ್ಲಿ ಎರಡೂ ಮುಖಗಳಿರಬಹುದು ಎಂಬುದಕ್ಕೆ ಬ್ರಿಟನ್ನಿನ ಮಾರ್ಕಸ್ ಹಚಿನ್ಸ್ ಸಾಕ್ಷಿ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ‘ವಾನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹರಡಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೇ ಸ್ತಬ್ಧಗೊಳಿಸಿದಾಗ, ಅದು ಅಸ್ತಿತ್ವದಲ್ಲೇ ಇಲ್ಲದ ಜಾಲತಾಣವೊಂದನ್ನು ಹುಡುಕುತ್ತಿರುವುದನ್ನು ಗಮನಿಸಿ, ಆ ವಿಳಾಸವನ್ನು ತಾನೇ ನೋಂದಾಯಿಸಿ ಹರಡುವಿಕೆಯನ್ನು ನಿಲ್ಲಿಸಿದವನು ಈ ಇಪ್ಪತ್ತೆರಡರ ಯುವಕ. ಮೂರು ತಿಂಗಳಲ್ಲಿ ಅವನನ್ನು ಅಮೆರಿಕದಲ್ಲಿ ಬಂಧಿಸಿದರು. ಹಿಂದೆ ಬ್ಯಾಂಕ್ ಖಾತೆಗಳ ವಿವರ ಕದಿಯುವ ತಂತ್ರಾಂಶವೊಂದನ್ನು ಬರೆದದ್ದು ಅವನೇ. ಅವನು ತಪ್ಪೊಪ್ಪಿಕೊಂಡ, ನ್ಯಾಯಾಲಯ ಎರಡನ್ನೂ ತೂಗಿ ನೋಡಿ ಹೆಚ್ಚುವರಿ ಜೈಲುವಾಸವಿಲ್ಲದೆ ಬಿಟ್ಟಿತು.

ಭಾರತದ ಕಾನೂನಿಗೂ ಉದ್ದೇಶದ ಪರಿವೆ ಇಲ್ಲವೆಂದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 43ರ ಪ್ರಕಾರ ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸಿದವನು ಪರಿಹಾರ ಕೊಡಬೇಕಾಗುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಮಾತ್ರ ಕಲಂ 66ರಡಿ ಅದು ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಕಾಗದದ ಮೇಲೆ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಆದರೆ ಲೋಪವನ್ನು ಹುಡುಕಿ ಒಳ್ಳೆಯ ಮನಸ್ಸಿನಿಂದ ತಿಳಿಸಿದವನಿಗೆ ಕಲಂ 43ರಿಂದ ರಕ್ಷಣೆ ಕೊಡುವ ಒಂದು ವಾಕ್ಯವೂ ಕಾಯ್ದೆಯಲ್ಲಿಲ್ಲ. ನಿಮ್ಮ ಮನೆಯ ಹಿಂಬಾಗಿಲ ಚಿಲಕ ಬಿದ್ದಿಲ್ಲ ಎಂದು ಹೇಳಲು ಬಂದ ನೆರೆಯವನನ್ನೇ ಠಾಣೆಗೆ ಕರೆದೊಯ್ಯುವ ಸಾಧ್ಯತೆ ಹೀಗೆ ಉಳಿದುಕೊಂಡಿದೆ. 2018ರ ಜನವರಿಯಲ್ಲಿ, ಐನೂರು ರೂಪಾಯಿ ಕೊಟ್ಟರೆ ಆಧಾರ್ ವಿವರಗಳನ್ನು ನೋಡುವ ಲಾಗಿನ್ ಸಿಗುತ್ತದೆಂದು ‘ದಿ ಟ್ರಿಬ್ಯೂನ್’ ಪತ್ರಿಕೆ ಬರೆದಾಗ, ದಾಖಲಾದ ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಇತ್ತು.

ನನ್ನ ಪರಿಚಯದವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾಗ, ತನ್ನ ಕಾಲೇಜಿನ ಫಲಿತಾಂಶದ ಪುಟದ ವಿಳಾಸದ ಕೊನೆಯಲ್ಲಿ ತನ್ನದೇ ನೋಂದಣಿ ಸಂಖ್ಯೆ ಇರುವುದನ್ನು ಗಮನಿಸಿದ. ಕೊನೆಯ ಅಂಕಿಯನ್ನು ಒಂದು ಹೆಚ್ಚಿಸಿದ ಕೂಡಲೇ ಪಕ್ಕದ ಹುಡುಗನ ಅಂಕಪಟ್ಟಿ, ತಂದೆಯ ಹೆಸರು, ಮೊಬೈಲ್ ನಂಬರ್, ಜಾತಿ ಪ್ರಮಾಣಪತ್ರದ ಸಂಖ್ಯೆ ಸಮೇತ ತೆರೆದುಕೊಂಡಿತು. ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ಅವನು ಸಂಸ್ಥೆಗೆ ಇಮೇಲ್ ಬರೆದ. ‘ನೀನು ಅದನ್ನು ಏಕೆ ಬದಲಾಯಿಸಿ ನೋಡಿದೆ’ ಎಂದು ಕೇಳಿ, ತಂದೆಯನ್ನು ಕರೆಸಿ, ಮುಚ್ಚಳಿಕೆ ಬರೆಸಿಕೊಂಡರು. ಪುಟ ಮುಂದಿನ ಸೆಮಿಸ್ಟರಿನವರೆಗೂ ಹಾಗೆಯೇ ಇತ್ತು. ಇದನ್ನೇ ಮೊದಲು ಕಂಡವನು ಆ ಮೊಬೈಲ್ ನಂಬರುಗಳನ್ನು ಮಾರಿಕೊಳ್ಳುವವನಾಗಿದ್ದರೆ ಸಂಸ್ಥೆಗೆ ಯಾವ ಇಮೇಲೂ ಬರುತ್ತಿರಲಿಲ್ಲ.

ಅನುಮತಿಯಿಲ್ಲದೆ ಯಾರ ವ್ಯವಸ್ಥೆಯನ್ನಾದರೂ ಕೆದಕಬಹುದು ಎಂದು ನಾನು ಹೇಳುತ್ತಿಲ್ಲ. ಕುತೂಹಲವೂ ಹಾನಿ ಮಾಡಬಲ್ಲದೆಂಬುದನ್ನು ಮಾರಿಸ್ ಪ್ರಕರಣವೇ ತೋರಿಸಿದೆ. ಈ ವಿದ್ಯೆ ಕಲಿಯಲು ಬಯಸುವ ಹುಡುಗ ಹುಡುಗಿಯರಿಗೆ ಇಂದು ಲೋಪ ಹುಡುಕಿ ತಿಳಿಸಿದವರಿಗೆ ಬಹುಮಾನ ಕೊಡುವ ‘ಬಗ್ ಬೌಂಟಿ’ ಎಂಬ ಕಾನೂನುಬದ್ಧ ದಾರಿ ಇದೆ. ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂದು ಕಂಪನಿಯೇ ಬರೆದು ಪ್ರಕಟಿಸಿರುತ್ತದೆ. ಫೇಸ್‌ಬುಕ್ ಇದನ್ನು 2011ರಲ್ಲಿಯೇ ಆರಂಭಿಸಿತು. ನಮ್ಮಲ್ಲಿ ಆಧಾರ್ ಪ್ರಾಧಿಕಾರ 2022ರಲ್ಲಿ ಇಂತಹುದನ್ನು ಪ್ರಕಟಿಸಿದಾಗ ಆಯ್ದ 20 ಮಂದಿಗೆ ಮಾತ್ರ ಅವಕಾಶವೆಂದು ಷರತ್ತು ಹಾಕಿತು. ಕಂಪ್ಯೂಟರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆ ಲೋಪಗಳ ವರದಿಯನ್ನು ಸ್ವೀಕರಿಸುತ್ತದೆ ಎಂಬುದು ನಿಜ, ಆದರೆ ಕಾಲೇಜು, ಸಹಕಾರಿ ಬ್ಯಾಂಕ್, ನಗರಸಭೆಗಳ ತಾಣಗಳಲ್ಲಿ ಲೋಪ ಕಂಡವನು ಯಾರಿಗೆ ಬರೆಯಬೇಕೆಂಬುದೇ ತಿಳಿಯುವುದಿಲ್ಲ. ಪ್ರತಿ ಸರ್ಕಾರಿ ತಾಣದ ಕೆಳಭಾಗದಲ್ಲಿ ಲೋಪ ತಿಳಿಸಲು ಒಂದು ಇಮೇಲ್ ವಿಳಾಸ, ಎಷ್ಟು ದಿನಗಳಲ್ಲಿ ಉತ್ತರ ಕೊಡುತ್ತಾರೆಂಬ ಮಾತು, ಮಾಹಿತಿಯನ್ನು ನಕಲಿಸದೆ, ಹಂಚದೆ ತಿಳಿಸಿದವರ ಮೇಲೆ ದೂರು ಕೊಡುವುದಿಲ್ಲವೆಂಬ ಲಿಖಿತ ಭರವಸೆ, ಇಷ್ಟನ್ನು ಹಾಕಲು ಹೊಸ ಕಾಯ್ದೆ ಬೇಕಾಗಿಲ್ಲ. ಇಲಾಖೆಯ ಒಂದು ಸುತ್ತೋಲೆ ಸಾಕು.