ಪಿಕಪ್ ಬದಲಿಸೋ ಮುಂಚೆ ಸ್ಕ್ರೂಡ್ರೈವರ್ ಎತ್ಕೊಳ್ಳಿ

ಕಳೆದ ಭಾನುವಾರ ಮುಳಬಾಗಿಲು ಕಡೆಯ ಹುಡುಗನೊಬ್ಬ ಗಿಟಾರ್ ಹೆಗಲಿಗೆ ಹಾಕ್ಕೊಂಡು ಕೋಲಾರಕ್ಕೆ, ನಮ್ಮನೆ ಹುಡುಕ್ಕೊಂಡು ಬಂದ. "ಅಣ್ಣಾ, 13 ಸಾವಿರ ಕೂಡಿಸಿದ್ದೀನಿ. ಬ್ರಿಡ್ಜ್ ಪಿಕಪ್ ಬದಲಾಯಿಸ್ಬೇಕು. ಯಾವ್ದು ತಗೊಳ್ಲಿ ಹೇಳಿ" ಅಂದ. (ಪಿಕಪ್ ಅಂದ್ರೆ ಎಲೆಕ್ಟ್ರಿಕ್ ಗಿಟಾರಿನ ತಂತಿಯ ಅದುರಾಟವನ್ನ ಸಿಗ್ನಲ್ ಮಾಡೋ ಸುರುಳಿ, ಬ್ರಿಡ್ಜ್ ಅಂದ್ರೆ ಗಿಟಾರಿನ ಮೈಮೇಲೆ ತಂತಿಗಳು ಕೂರೋ ಜಾಗ.) ಅವನ ಗಿಟಾರಿನ ಬೆಲೆಯೇ 16 ಸಾವಿರ. ಟೊಮೇಟೊ ಮಂಡಿಯಲ್ಲಿ ಚೀಟಿ ಬರೆಯೋ ಹುಡುಗ, ಎಂಟು ತಿಂಗಳ ಉಳಿತಾಯ ಅದು. ಆರ್ಕೆಸ್ಟ್ರಾದಲ್ಲಿ ನುಡಿಸ್ತಾನೆ. ಮನೇಲಿ ಚಿಕ್ಕ ಆಂಪ್‌ನಲ್ಲಿ ಚೆನ್ನಾಗೇ ಕೇಳತ್ತಂತೆ, ಸ್ಟೇಜ್ ಹತ್ತಿದ್ರೆ ಬಾಯಿಗೆ ಬಟ್ಟೆ ತುರುಕಿದಂಗೆ ಆಗತ್ತಂತೆ.

"ಸ್ಟೇಜಲ್ಲಿ ಯಾವುದಕ್ಕೆ ಚುಚ್ತೀಯಪ್ಪ?"

"ನೇರ ಮಿಕ್ಸರ್‌ಗೆ ಅಣ್ಣಾ."

ಅರ್ಧ ಕಾಯಿಲೆ ಅಲ್ಲೇ ಇತ್ತು. ನಮ್ಮ ಜಿಲ್ಲೆಯ ಗಣೇಶ ಹಬ್ಬ, ಜಾತ್ರೆ, ರಾಜ್ಯೋತ್ಸವ ಯಾವುದೇ ಇರಲಿ, ಗಿಟಾರಿಗೆ ಅಂತ ಆಂಪ್ ಇಡೋದು ಅಪರೂಪ. ಸೌಂಡ್‌ನವರು ಒಂದು ಕೇಬಲ್ ಕೊಡ್ತಾರೆ, ಅದು ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಹೋಗತ್ತೆ. ಗಿಟಾರಿನ ಪಿಕಪ್ ಬಹಳ ಬಲಹೀನವಾದ ಸಿಗ್ನಲ್ ಕೊಡೋದು. ಅದಕ್ಕೆ ಎದುರಿಗೆ 10 ಲಕ್ಷ ಓಮ್‌ನಷ್ಟು ತಡೆ ಇರೋ, ಅಂದ್ರೆ ಒಂದು ಮೆಗಾ ಓಮ್‌ನ ಇನ್‌ಪುಟ್ ಬೇಕು. ಗಿಟಾರ್ ಆಂಪ್‌ನಲ್ಲಿ ಅಷ್ಟಿರತ್ತೆ. ಮಿಕ್ಸರ್‌ನ ಲೈನ್ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ 10–20 ಸಾವಿರ ಓಮ್ ಅಷ್ಟೇ. ಅಲ್ಲಿಗೆ ಹೋದ ಪಿಕಪ್ ಕುಗ್ಗಿಹೋಗತ್ತೆ, ಮೊದಲು ಸಾಯೋದೇ ಟ್ರೆಬಲ್, ಅಂದ್ರೆ ಮೇಲಿನ ಹೊಳಪು. 13 ಸಾವಿರದ ಪಿಕಪ್ ಹಾಕಿದ್ರೂ ಅಲ್ಲಿ ಸಾಯತ್ತೆ. ಬೇಕಾಗಿರೋದು ಒಂದು ಆಕ್ಟಿವ್ ಡಿ.ಐ. ಬಾಕ್ಸ್ (ಗಿಟಾರಿನ ಸಿಗ್ನಲನ್ನ ಮಿಕ್ಸರ್‌ಗೆ ಹೊಂದಿಸಿ ಕೊಡೋ ಪೆಟ್ಟಿಗೆ), ಇಲ್ಲಾಂದ್ರೆ ಒಳಗೆ ಬಫರ್ (ಪಿಕಪ್ ಮೇಲೆ ಹೊರೆ ಬೀಳದಂಗೆ ನೋಡ್ಕೊಳ್ಳೋ ಸರ್ಕ್ಯೂಟ್) ಇರೋ ಯಾವುದಾದರೂ ಪೆಡಲ್. ಟ್ರೂ ಬೈಪಾಸ್ ಪೆಡಲ್ ಆಫ್ ಇದ್ದಾಗ ಸಿಗ್ನಲನ್ನ ಹಾಗೇ ದಾಟಿಸಿಬಿಡತ್ತೆ, ಈ ಕೆಲಸ ಮಾಡಲ್ಲ, ಅದನ್ನ ನೋಡ್ಕೊಂಡು ತಗೊಳ್ಳಿ.

ಇದನ್ನ ಇಷ್ಟು ಉದ್ದ ಬರೀತಿರೋದು ಯಾಕಂದ್ರೆ, ಹೀಗೆ ದುಡ್ಡು ಹಿಡ್ಕೊಂಡು ಬಂದ ಹುಡುಗರಲ್ಲಿ ಇವನು ಮೊದಲನೆಯವನಲ್ಲ. ಯಾರೂ ಗಿಟಾರಿನ ಹೊಟ್ಟೆ ಬಿಚ್ಚಿ ನೋಡಿರಲ್ಲ. ಕಷ್ಟಪಟ್ಟು ಕೂಡಿಸಿದ ದುಡ್ಡು ತಪ್ಪು ಜಾಗದಲ್ಲಿ ಸುರಿಯೋದು ನೋಡಿದ್ರೆ ನನಗೆ ಹೊಟ್ಟೆ ಉರಿಯತ್ತೆ.

ನಮ್ಮಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಊರಲ್ಲಿ ಸುಟ್ಟ ಮೋಟರ್‌ಗಳಿಗೆ ಬರ ಇಲ್ಲ. ನಾನು ಕಾಲೇಜಲ್ಲಿದ್ದಾಗ ಕೆಟ್ಟ ಪಿಕಪ್ ಒಂದನ್ನ ಬಿಚ್ಚಿ ಅಪ್ಪನ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, "ಇದು ಮೋಟರಲ್ಲ ಕಣೋ, ಡೈನಮೋ" ಅಂದ್ರು. ಅಷ್ಟೇ ವಿಷಯ. ಅಯಸ್ಕಾಂತದ ಸುತ್ತ ತಾಮ್ರದ ತಂತಿ, ಅದರ ಮೇಲೆ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಕರೆಂಟ್ ಹುಟ್ಟತ್ತೆ. ಅಲ್ಲಿ ಸುತ್ತೋ ತಂತಿ ಸಾಮಾನ್ಯವಾಗಿ ಅಮೆರಿಕದ ಲೆಕ್ಕದ 42ನೇ ಗೇಜ್, ಸುಮಾರು 0.063 ಮಿ.ಮೀ. ದಪ್ಪ. (ನಮ್ಮ ವೈಂಡಿಂಗ್ ಅಂಗಡಿಗಳ ಗೇಜ್ ಲೆಕ್ಕವೇ ಬೇರೆ, ಅದೇ ನಂಬರ್ ಹೇಳಿ ತಂತಿ ಕೇಳಬೇಡಿ.) ಸುತ್ತು ಜಾಸ್ತಿ ಆದಷ್ಟೂ ಸದ್ದು ದೊಡ್ಡದು, ಮಿಡ್ (ನಡುವಿನ ನಾದ) ದಪ್ಪ, ಆದರೆ ಮೇಲಿನ ಮಿಂಚು ಕಮ್ಮಿ.

ಗುಂಯ್ ಅನ್ನೋ ಹಮ್ಮಿಂಗ್ ವಿಷಯಾನೂ ಅಪ್ಪನಿಗೆ ಒಂದೇ ಮಾತಲ್ಲಿ ಅರ್ಥ ಆಯ್ತು. ನಮ್ಮ ಕರೆಂಟ್ 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್, ಸೀರಿಯಲ್ ಲೈಟ್, ಡಿಮ್ಮರ್ ಎಲ್ಲದರ ಗುಂಗೂ ಒಂಟಿ ಸುರುಳಿಯ, ಅಂದ್ರೆ ಸಿಂಗಲ್ ಕಾಯಿಲ್ ಪಿಕಪ್ ಎಳ್ಕೊಳ್ಳತ್ತೆ. ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್‌ನಲ್ಲಿ ಎರಡು ಸುರುಳಿ. ಒಂದಕ್ಕೊಂದು ಅಯಸ್ಕಾಂತವೂ ಉಲ್ಟಾ, ಸುರುಳಿಯ ದಿಕ್ಕೂ ಉಲ್ಟಾ. ಹೊರಗಿನ ಗುಂಗು ಒಂದನ್ನೊಂದು ಹೊಡೆದು ಹಾಕತ್ತೆ, ತಂತಿಯ ನಾದ ಮಾತ್ರ ಕೂಡ್ಕೊಳ್ಳತ್ತೆ. ಗಿಟಾರಿನೊಳಗೆ ತಾಮ್ರದ ಟೇಪ್ ಅಂಟಿಸಿದ್ರೆ ಜಿರ್ರ್ ಅನ್ನೋದು ಕಮ್ಮಿ ಆಗತ್ತೆ, ಆದರೆ ಟ್ರಾನ್ಸ್‌ಫಾರ್ಮರ್‌ನ ಗುಂಗಿಗೆ ಟೇಪ್ ಉತ್ತರ ಅಲ್ಲ.

ಇಲ್ಲೇ ಇನ್ನೊಂದು ಮಾತು, ದಯವಿಟ್ಟು ಕೇಳಿ. ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಅರ್ಥಿಂಗ್‌ಗೆ ಸೇರಿರ್ತವೆ. ಪೆಂಡಾಲ್‌ನಲ್ಲಿ ಮೂರನೇ ಪಿನ್ ಮುರಿದ ಪ್ಲಗ್ಗು, ಅದಲುಬದಲಾದ ವೈರು ಇದ್ದಾಗ ತಂತಿ ಹಿಡ್ಕೊಂಡು ಮೈಕ್‌ಗೆ ತುಟಿ ತಾಗಿಸಿದ್ರೆ ಶಾಕ್ ಹೊಡೆಯತ್ತೆ. ನನಗೊಮ್ಮೆ ಬಂಗಾರಪೇಟೆ ಹತ್ತಿರ ಒಂದು ಹಳ್ಳಿಯಲ್ಲಿ ಹೊಡೆದಿದೆ. ಅವತ್ತಿನಿಂದ ಜೇಬಲ್ಲಿ ಟೆಸ್ಟರ್ ಇಲ್ಲದೆ ಸ್ಟೇಜ್ ಹತ್ತಲ್ಲ. ಮೊದಲು ಮೈಕ್‌ಗೂ ಗಿಟಾರಿನ ತಂತಿಗೂ ಟೆಸ್ಟರ್, ಆಮೇಲೆ ತುಟಿ.

ಆ ಹುಡುಗನ ಗಿಟಾರ್‌ಗೆ ಬರ್ತೀನಿ. ಪಿಕಪ್‌ಗಳನ್ನ ತಂತಿಗೆ ಮುತ್ತಿಡೋ ಹಾಗೆ ಮೇಲಕ್ಕೆತ್ತಿದ್ದ. ಹತ್ತಿರ ಇದ್ರೆ ಸೌಂಡ್ ಜಾಸ್ತಿ ಅಂತ ಯಾರೋ ಹೇಳಿದ್ರಂತೆ. ನೆಕ್ (ಗಿಟಾರಿನ ಕುತ್ತಿಗೆ) ಕಡೆಯ ಸಿಂಗಲ್ ಕಾಯಿಲ್‌ನ ಅಯಸ್ಕಾಂತ ದಪ್ಪ ತಂತಿಯನ್ನ ಎಳೀತಾ ಇತ್ತು. ಮೇಲಿನ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ) ಒಂದೇ ಸ್ವರ ಎರಡಾಗಿ ನಡುಗ್ತಿತ್ತು. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್) ಥರದ ಗಿಟಾರಿನಲ್ಲಿ ಕೊನೇ ಫ್ರೆಟ್ ಒತ್ತಿ ಹಿಡಿದು ಅಳೆದ್ರೆ, ದಪ್ಪ ತಂತಿಯ ಕೆಳಗೆ 2.4 ಮಿ.ಮೀ., ಸಣ್ಣ ತಂತಿಯ ಕೆಳಗೆ 2 ಮಿ.ಮೀ. ಅಂತರ ಇರಲಿ. ಅಲ್ಲಿಂದ ಶುರು ಮಾಡಿ ಕಿವಿ ಹೇಳಿದ ಕಡೆ ಸ್ಕ್ರೂ ತಿರುಗಿಸಿ, ಒಂದು ಸಲಕ್ಕೆ ಕಾಲು ಸುತ್ತು. ಕೆಳಗಿಳಿಸಿದ ತಕ್ಷಣ ಹುಡುಗ ತಲೆ ಎತ್ತಿ ನನ್ನ ಮುಖ ನೋಡಿದ. ಸ್ವರ ಬಿಡಿಸ್ಕೊಂಡು ಬಂದಿತ್ತು.

ಆಮೇಲೆ ನೆಕ್. ನಮ್ಮ ಬೇಸಿಗೆ ಒಣ, ಮಳೆಗಾಲದಲ್ಲಿ ಮರ ತೇವ ಹೀರತ್ತೆ, ನೆಕ್ ಬಾಗತ್ತೆ. ಮೊದಲ ಫ್ರೆಟ್ಟನ್ನೂ ಕೊನೇ ಫ್ರೆಟ್ಟನ್ನೂ ಒತ್ತಿ, ಏಳನೇ ಫ್ರೆಟ್ ಹತ್ತಿರ ಕಾಲು ಮಿ.ಮೀ. ಸಂದು ಕಂಡ್ರೆ ಸಾಕು. 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ 1.6 ಮಿ.ಮೀ. ಸುತ್ತಮುತ್ತ. ಆಮೇಲೇ ಇಂಟೊನೇಶನ್, ಅಂದ್ರೆ ಎಲ್ಲಿ ಒತ್ತಿದ್ರೂ ಶ್ರುತಿ ಸರಿಯಿರೋ ಹಾಗೆ ಮಾಡೋದು: 12ರಲ್ಲಿ ಹಾರ್ಮೋನಿಕ್‌ಗಿಂತ (ತಂತಿ ಒತ್ತದೆ, ಬೆರಳು ತಾಗಿಸಿ ಮೀಟಿದ ಸ್ವರ) ಒತ್ತಿದ ಸ್ವರ ಏರಿದ್ರೆ ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರೋ ತುಂಡು) ಹಿಂದಕ್ಕೆ, ಇಳಿದ್ರೆ ಮುಂದಕ್ಕೆ. ಹೊಸ ತಂತಿ ಹಾಕಿ ಮಾಡಿ. ತುಕ್ಕು ತಂತಿಯಲ್ಲಿ ಏನು ಮಾಡಿದ್ರೂ ವ್ಯರ್ಥ.

ಬ್ರಿಡ್ಜ್‌ನಲ್ಲಿ ಹಂಬಕರ್ ಇತ್ತು, ವಾಲ್ಯೂಮ್ ಪಾಟ್ (ನಾಬ್ ಕೆಳಗಿನ, ತಡೆ ಏರಿಳಿಸೋ ಭಾಗ) 250 ಕೆ, ಅಂದ್ರೆ 250 ಸಾವಿರ ಓಮ್. ಹಂಬಕರ್‌ಗೆ 500 ಕೆ ಹಾಕಿದ್ರೆ ಟ್ರೆಬಲ್ ತೆರ್ಕೊಳ್ಳತ್ತೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗತ್ತೆ, ಶಾಫ್ಟ್ ಅಳತೆ ಹಳೇದನ್ನೇ ತೋರಿಸಿ ತಗೊಳ್ಳಿ. ಜೊತೆಗಿರೋ ಸಿಂಗಲ್ ಕಾಯಿಲ್‌ಗಳು ಆಗ ಸ್ವಲ್ಪ ಚುಚ್ಚಬಹುದು, ಟೋನ್ ನಾಬ್ ಅದಕ್ಕೇ ಇರೋದು.

ಇಷ್ಟಾದ ಮೇಲೂ ಕೊರತೆ ಅನ್ನಿಸಿದ್ರೆ ಪಿಕಪ್ ತಗೊಳ್ಳಿ, ನಾನು ಬೇಡ ಅನ್ನಲ್ಲ. ಆದರೆ ಬಾಕ್ಸ್ ಮೇಲಿನ ಓಮ್ ನೋಡಿ ತಗೋಬೇಡಿ. ನಾನು ಹಾಗೇ 16 ಕೆ ಓಮ್‌ನ, ಸೆರಾಮಿಕ್ ಅಯಸ್ಕಾಂತದ ಒಂದನ್ನ ತಂದೆ. ಲೀಡ್‌ಗೆ ಗಟ್ಟಿಯಾಗಿತ್ತು. ಹಳೇ ಸಿನಿಮಾ ಹಾಡುಗಳ ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನ ಬಿಡಿಬಿಡಿಯಾಗಿ) ನುಡಿಸಿದ್ರೆ ಆರು ತಂತಿ ಒಂದೇ ಮುದ್ದೆ. ತಂತಿ ಸಣ್ಣದಾದರೂ ಓಮ್ ಏರತ್ತೆ, ಅದು ಸದ್ದಿನ ಅಳತೆ ಅಲ್ಲ. ಬೇರೆ ಬೇರೆ ಹಾಡು ನುಡಿಸಬೇಕಾದ ಆರ್ಕೆಸ್ಟ್ರಾದವರಿಗೆ ನಾನು ಹೇಳೋದು ಆಲ್ನಿಕೋ 5 ಅನ್ನೋ ಅಯಸ್ಕಾಂತದ, 8 ಕೆ ಆಸುಪಾಸಿನ ಹಂಬಕರ್. ಸಿಂಗಲ್ ಕಾಯಿಲ್ ಮೂರೂ ಬದಲಿಸೋರು ನಡುವಿನದು ಸುತ್ತೂ ಅಯಸ್ಕಾಂತವೂ ಉಲ್ಟಾ ಇರೋದೇ ತಗೊಳ್ಳಿ, ಸ್ವಿಚ್‌ನ ಎರಡು ಮತ್ತು ನಾಲ್ಕನೇ ಪೊಸಿಷನ್‌ನಲ್ಲಿ ಗುಂಗು ನಿಲ್ಲತ್ತೆ. ಪಿಕಪ್ ಮೇಲಿನ ಲೋಹದ ಕಂಬಗಳ ಅಂತರವೂ ನಿಮ್ಮ ಬ್ರಿಡ್ಜ್‌ನ ತಂತಿ ಅಂತರವೂ ಕೂಡ್ತವಾ ನೋಡಿ.

ಹುಡುಗ 13 ಸಾವಿರದಲ್ಲಿ ಡಿ.ಐ. ಬಾಕ್ಸ್‌ಗೂ ಪಾಟ್‌ಗೂ ತಂತಿಗೂ ತೆಗೆದಿಟ್ಟು, ಉಳಿದಿದ್ದನ್ನ ಮತ್ತೆ ಜೇಬಿಗೆ ಹಾಕ್ಕೊಂಡ. ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿದ ಮೇಲೆ ಮತ್ತೆ ಬರ್ತಾನೆ. ಆಗಲೂ ಬೇಕು ಅಂದ್ರೆ ಕೂತು ಬೆಸುಗೆ ಹಾಕೋಣ ಅಂದಿದ್ದೀನಿ.

ನೀವೇ ಹಾಕ್ಕೊಳ್ಳೋದಾದ್ರೆ, ಪ್ಲೇಟ್ ಬಿಚ್ಚಿದ ತಕ್ಷಣ ಫೋಟೋ ತೆಗೆದಿಡಿ. ವೈರಿನ ಬಣ್ಣಗಳ ಅರ್ಥ ಒಂದೊಂದು ಕಂಪನಿಗೆ ಒಂದೊಂದು ಥರ. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಸೌಂಡ್ ತಗಡಿನ ಥರ ತೆಳ್ಳಗಾದ್ರೆ ಹೊಸದು ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಒಂದರ ಎರಡು ವೈರ್ ಅದಲುಬದಲು ಮಾಡಿ. ಲೋಹದ ಕವಚ ಇದ್ರೆ ಕವಚದ ಅರ್ಥಿಂಗ್ ಬೇರೆಯಾಗಿದೆಯಾ ಅಂತ ಮೊದಲು ನೋಡ್ಕೊಳ್ಳಿ.