ಕಾಂತ ಸೂಪರ್‌ಕಂಡಕ್ಟರ್‌ಗೆ ವೈರಿ ಅಂತ ಇನ್ನು ಹೇಳಲಾರೆ

ವಿಜಯಪುರದಲ್ಲಿ ಹನ್ನೊಂದು ವರ್ಷದಿಂದ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಕಲಿಸ್ತಾ ಬಂದಿದ್ದೇನೆ. ಡಯಾಮ್ಯಾಗ್ನೆಟಿಸಂ (ಕಾಂತಕ್ಷೇತ್ರವನ್ನು ಹೊರದೂಡುವ ಗುಣ) ಪಾಠದಲ್ಲಿ ಸೂಪರ್‌ಕಂಡಕ್ಟರ್, ಅಂದರೆ ತುಂಬಾ ತಣ್ಣಗಾದಾಗ ತಡೆಯೇ ಇಲ್ಲದೆ ಕರೆಂಟ್ ಹರಿಸುವ ವಸ್ತು, ಬಂದಾಗಲೆಲ್ಲ ನನ್ನದು ಒಂದೇ ಮಾತು: ಕಾಂತಕ್ಷೇತ್ರ ಅದಕ್ಕೆ ವೈರಿ, ಬರಕೊಳ್ರಿ. ಕಳೆದ ವಾರ ಇಂಡಿ ಕಡೆಯ ಹುಡುಗನೊಬ್ಬ ಎದ್ದು ನಿಂತ. "ಸರ್, ಎರಡು ಸೂಪರ್‌ಕಂಡಕ್ಟರ್ ನಡುವ ಕಬ್ಬಿಣದಂಥಾದ್ದು ತೆಳ್ಳಗ ಇಟ್ರ ಕರೆಂಟ್ ದಾಟೂದ ಇಲ್ಲೇನ್ರಿ?" ಇಲ್ಲ ಅಂದುಬಿಟ್ಟೆ. ಮನೆಗೆ ಬಂದು ಓದಿದೆ. ತಪ್ಪು ಹೇಳಿದ್ದೆ.

ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಹೊರಡುತ್ತವೆ, ಒಂದರ ಸ್ಪಿನ್ (ಎಲೆಕ್ಟ್ರಾನ್ ಒಳಗಿನ ಪುಟ್ಟ ಕಾಂತದ ದಿಕ್ಕು ಅನ್ನಿ) ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಎಡಕ್ಕೊಂದು ಬಲಕ್ಕೊಂದು ಹೂಡಿದ ಎತ್ತುಗಳ ಹಾಗೆ. ಫೆರೋಮ್ಯಾಗ್ನೆಟ್, ಅಂದರೆ ಕಬ್ಬಿಣದಂಥ ಕಾಂತವಸ್ತು, ಎರಡನ್ನೂ ಒಂದೇ ಮಗ್ಗುಲಿಗೆ ಎಳೆಯುತ್ತದೆ, ಜೋಡಿ ಮುರಿಯುತ್ತದೆ, ನಿಜ. ಆದರೆ ಪದರ ಕೆಲವೇ ನ್ಯಾನೊಮೀಟರ್ ಇದ್ದರೆ ಮುರಿಯುವ ಮುಂಚೆಯೇ ಆಚೆ ದಾಟಿರುತ್ತದೆ. ದಾಟುವಾಗ ಜೋಡಿಯ ಅಲೆ ತೂಗಾಡುತ್ತದೆ. ದಪ್ಪ ಕೂಡಿಬಂದರೆ ಆ ಕಡೆ ಮುಟ್ಟುವಷ್ಟರಲ್ಲಿ ಅಲೆಯ ಚಿಹ್ನೆ ಪ್ಲಸ್ ಇದ್ದದ್ದು ಮೈನಸ್! ಇದಕ್ಕೆ ಪೈ ಜಂಕ್ಷನ್ ಅಂತ ಹೆಸರು. 2001ರಲ್ಲಿ ರಷ್ಯದ ರಿಯಾಜನೋವ್ ತಂಡ ನಿಯೋಬಿಯಂ ಪದರಗಳ ನಡುವೆ ತಾಮ್ರ-ನಿಕ್ಕಲ್ ಮಿಶ್ರಲೋಹ ಇಟ್ಟು ಅಳೆಯಿತು. ತಣ್ಣಗಾದಷ್ಟೂ ಏರಬೇಕಾದ ಕ್ರಿಟಿಕಲ್ ಕರೆಂಟ್ (ತಡೆಯಿಲ್ಲದೆ ದಾಟಬಲ್ಲ ಗರಿಷ್ಠ ಕರೆಂಟ್) ಇಳಿದು ಇಳಿದು ಸೊನ್ನೆ ಮುಟ್ಟಿತು, ಆಮೇಲೆ ಮತ್ತೆ ಏರಿತು. ಚಿಹ್ನೆ ತಿರುಗಿದ್ದು ಆ ಸೊನ್ನೆಯಲ್ಲಿ.

ಈ ಭಾಗ ಓದಿ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ವೈರಿಯ ಕೆಲಸವಲ್ಲ ಇದು.

ಎರಡು ಸೂಪರ್‌ಕಂಡಕ್ಟರ್ ನಡುವೆ ಬರೀ ತೆಳು ಇನ್ಸುಲೇಟರ್ ಇರುವ ಸಾದಾ ಜೋಸೆಫ್‌ಸನ್ ಜಂಕ್ಷನ್‌ಗೂ ಹೊರಗಿಂದ ಕಾಂತಕ್ಷೇತ್ರ ಕೊಟ್ಟು ನೋಡಬೇಕು. ಒಂದು ಫ್ಲಕ್ಸ್ ಕ್ವಾಂಟಂ (ಸೂಪರ್‌ಕಂಡಕ್ಟರ್ ಲೆಕ್ಕದಲ್ಲಿ ಕಾಂತಫ್ಲಕ್ಸ್‌ನ ಅತಿಚಿಕ್ಕ ತುಣುಕು), ಅಂದರೆ 2.07×10⁻¹⁵ ವೆಬರ್, ಒಳಹೊಕ್ಕಾಗ ಕ್ರಿಟಿಕಲ್ ಕರೆಂಟ್ ಸೊನ್ನೆ. ಕ್ಷೇತ್ರ ಇನ್ನೂ ಏರಿಸಿದರೆ ಸಣ್ಣದಾಗಿ ಮತ್ತೆ ಹುಟ್ಟುತ್ತದೆ. ಗ್ರಾಫ್ ಬರೆದರೆ ನಡುವೆ ದೊಡ್ಡ ಗುಡ್ಡ, ಅಕ್ಕಪಕ್ಕ ಸಣ್ಣ ದಿಬ್ಬಗಳು. ಒಂದೇ ಸೀಳು ದಾಟಿ ಬೆಳಕು ಹರಡುವ ಸಿಂಗಲ್ ಸ್ಲಿಟ್ ಡಿಫ್ರಾಕ್ಷನ್‌ಗೆ ನಾವು ಬೋರ್ಡಿನ ಮೇಲೆ ಬರೆಯುವ ಚಿತ್ರದ್ದೇ ಮಾದರಿ. ಒಂದೇ ವರ್ಷದ ಸಿಲಬಸ್‌ನ ಎರಡು ಪಾಠಗಳು ಇಲ್ಲಿ ಕೂಡುತ್ತವೆ, ನಾವು ಮಾತ್ರ ಕೂಡಿಸಿ ತೋರಿಸಿಲ್ಲ. "ಪರೀಕ್ಷೆಗೆ ಬರೂದಿಲ್ಲ ಬಿಡ್ರಿ" ಅಂದರು ಜೊತೆಯ ಮೇಷ್ಟ್ರು. ನಾನು ಒಪ್ಪಲಿಲ್ಲ. ಅರ್ಧ ಪಿರಿಯಡ್ ಸಾಕು ಇದಕ್ಕೆ, ಅದನ್ನೂ ಕೊಡದಿದ್ದರೆ ಕೇಳುವ ಮಗು ಮುಂದೆ ಕೇಳೋದನ್ನೇ ಬಿಡುತ್ತದೆ.

ಸೋಮವಾರ ಕ್ಲಾಸಿನಲ್ಲಿ, ಅವತ್ತು ಹೇಳಿದ್ದು ತಪ್ಪು ಅಂತ ಹೇಳಿ ಎತ್ತಿನ ಜೋಡಿಯಿಂದಲೇ ಶುರು ಮಾಡಿದೆ. ಅದೇ ಹುಡುಗ ಮತ್ತೆ ಎದ್ದ: "ಎರಡೂ ಸ್ಪಿನ್ ಒಂದ ಕಡೆ ಇದ್ದು ಜೋಡಿಯಾದ್ರ, ಫೆರೋಮ್ಯಾಗ್ನೆಟ್ ಏನೂ ಮಾಡಂಗಿಲ್ಲಲ್ರಿ ಸರ್?"

ಹೌದಪ್ಪ, ಅಂಥ ಜೋಡಿಯೂ ಉಂಟು ಅಂದೆ. 2006ರಲ್ಲಿ ಕ್ರೋಮಿಯಂ ಡೈಆಕ್ಸೈಡ್ ಅನ್ನುವ ಗಟ್ಟಿ ಫೆರೋಮ್ಯಾಗ್ನೆಟ್ ಒಳಗೆ ಸೂಪರ್‌ಕರೆಂಟ್ ನೂರಾರು ನ್ಯಾನೊಮೀಟರ್ ದಾಟಿಹೋಗಿತ್ತು.